ಗೇರ್ ಬಿದ್ದದ್ದು ಯಾರಿಗೂ ಗೊತ್ತಾಗಬಾರದು

ಮೆಹಬೂಬಸುಭಾನಿ ನದಾಫ ಹೆಂಡತಿಯ ಕೈಲಿ ತಮ್ಮ ಎಡತೋಳನ್ನು ಕಟ್ಟಿಸಿಕೊಳ್ಳುತ್ತಿದ್ದಾರೆ. ಗಜೇಂದ್ರಗಡದ ರೋಣ ರಸ್ತೆಯ ಬದಿಗಿರುವ ಅವರ ಗ್ಯಾರೇಜಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೆಳಗಿನ ನಮಾಜು ಮುಗಿಸಿ ನೇರ ಇಲ್ಲಿಗೇ ಬಂದಿದ್ದಾರೆ, ಚಹಾ ಕೂಡ ಕುಡಿದಿಲ್ಲ. ಶರೀಫಾಬಿ ತಮ್ಮ ಹಳೆಯ ಓಡ್ನಿಯನ್ನು ಗಂಡನ ತೋಳಿಗೂ ಪಕ್ಕೆಗೂ ಸೇರಿಸಿ ಸುತ್ತಿ, ಗಂಟು ಹಾಕಿ ಎಳೆಯುತ್ತಾರೆ.

"ಇನ್ನ ಬಿಗಿ. ಮೊಳಕೈ ಹಿಂದ ಹೋಗಬಾರದು."

"ಸಾಕ್ರಿ. ಮಂದಿ ನೋಡಿದ್ರ, ಹೆಂಡ್ತಿ ಗಂಡನ್ನ ಕಟ್ಟಿ ಹಾಕ್ಯಾಳ ಅಂತಾರ."

"ಅದು ಹೊಸಾ ಸುದ್ದಿ ಅಲ್ಲ ಬಿಡು."

ತೋಳು ಕಟ್ಟಿಸಿಕೊಂಡ ಮೆಹಬೂಬಸುಭಾನಿ ಎದುರಿಗಿರುವ ಹಳೆಯ ವ್ಯಾನಿನ ಡ್ರೈವರ್ ಸೀಟಿಗೆ ಹತ್ತುತ್ತಾರೆ. ರೆಕ್ಸಿನ್ ಹರಿದು ಸ್ಪ್ರಿಂಗ್ ಕಾಣುವ ಬರಿ ಸೀಟು. ಕಣ್ಣು ಮುಚ್ಚಿ, ಮೊಣಕೈಯಿಂದ ಕೆಳಗಷ್ಟೇ ಆಡುವ ಕೈಯನ್ನು ಮುಂದೆ ಚಾಚಿ ಗೇರ್ ಕೋಲನ್ನು ಹಿಡಿಯುತ್ತಾರೆ. ಆ ಕೋಲು ಈ ವ್ಯಾನಿನದಲ್ಲ, ಅದೇ ಕಂಪನಿಯ ಹೊಸ ಮಾದರಿಯ ಗಾಡಿಯಿಂದ ಬಿಚ್ಚಿ ತಂದದ್ದು. ಒಂದು, ಎರಡು, ಮೂರು ಎಂದು ತುಟಿಯಲ್ಲೇ ಎಣಿಸುತ್ತ ಗೇರ್ ಬದಲಿಸುತ್ತಾರೆ. ಎಂಜಿನ್ ಬಂದ್ ಇದೆ, ಗಾಡಿ ಇದ್ದಲ್ಲೇ ಇದೆ. ಅವರ ಮುಖ ನೋಡಿದರೆ ಮಾತ್ರ ಆಗಲೇ ಅರ್ಧ ಗುಡ್ಡ ಹತ್ತಿದಂತಿದೆ.

ಇದೇನು ವೇಷ ಎಂದು ಕೇಳದೆ ಇರಲು ನನ್ನಿಂದಾಗುವುದಿಲ್ಲ.

"ವೇಷ ಅಲ್ರಿ ಸರ, ಅಳತಿ. ಈ ಗಾಡಿ ಹೊಡಿಯಾವನ ಕೈ ಹಿಂಗ ಐತಿ. ನನ್ನ ಕೈಲೆ ನೋಡಿದ್ರ ಎಲ್ಲಾ ಚಲೋನ ಅನಸ್ತೈತಿ. ಅವನ ಕೈಲೆ ನೋಡಬೇಕಲ್ಲ?"

ಗಾಡಿ ಹೊಡೆಯುವವನು ಮುಶಿಗೇರಿಯ ಪರಶಪ್ಪ. ಆ ಊರಿನ ರೊಟ್ಟಿ ಮಾಡುವ ಹೆಂಗಸರನ್ನು, ಅವರ ಖಡಕ್ ರೊಟ್ಟಿಯ ಬುಟ್ಟಿಗಳ ಸಮೇತ ದಿನಾ ಬೆಳಿಗ್ಗೆ ಗಜೇಂದ್ರಗಡದ ಖಾನಾವಳಿಗಳಿಗೆ ತಂದು ಇಳಿಸುವುದು ಅವನ ಕೆಲಸ. ಹೋದ ಸುಗ್ಗಿಯಲ್ಲಿ ಹೊಟ್ಟಿನ ಬಣವಿ ಒಟ್ಟಲು ಹೋಗಿ ಮೇಲಿಂದ ಜಾರಿ ಬಿದ್ದ. ಎಡಭುಜ ಮುರಿಯಿತು. ಎಲುಬು ಕೂಡಿತು, ಭುಜ ಮಾತ್ರ ಬಿಗಿದುಕೊಂಡೇ ಉಳಿಯಿತು. ಕೈ ಮುಂದೆ ಬರುತ್ತದೆ, ಮೊಣಕೈ ಮಡಚುತ್ತದೆ, ಮುಷ್ಟಿಯಲ್ಲಿ ಬಲವಿದೆ. ಮೊಣಕೈ ಪಕ್ಕೆ ದಾಟಿ ಹಿಂದಕ್ಕೆ ಹೋಗುವುದಿಲ್ಲ, ಅಷ್ಟೇ.

ಆ ಅಷ್ಟೇ ಎಂಬುದೇ ಅವನ ಅನ್ನಕ್ಕೆ ಕಲ್ಲು ಹಾಕಿತು. ಹಳೆಯ ವ್ಯಾನಿನ ಗೇರ್ ಕೋಲು ಡ್ರೈವರನ ಎಡಮಗ್ಗುಲಿಗೆ ನೆಲದಿಂದ ಎದ್ದು ನಿಂತಿರುತ್ತದೆ. ಎರಡನೆಯ ಗೇರಿಗೂ ನಾಲ್ಕನೆಯದಕ್ಕೂ ಅದನ್ನು ತೊಡೆ ದಾಟಿಸಿ ಹಿಂದಕ್ಕೆ ಎಳೆಯಬೇಕು. ಪರಶಪ್ಪ ಎಳೆಯಲಾಗದೆ ಇಡೀ ಮೈ ತಿರುವಿ ಜಗ್ಗುತ್ತಿದ್ದ. ಗೇರ್ ಅರ್ಧಕ್ಕೆ ನಿಂತು ಗಾಡಿ ಜರ್ಕು ಹೊಡೆಯುತ್ತಿತ್ತು, ಹಿಂದೆ ಬುಟ್ಟಿಯಲ್ಲಿ ರೊಟ್ಟಿ ಲಟಲಟ ಮುರಿಯುತ್ತಿದ್ದವು. ಮುರಿದ ಖಡಕ್ ರೊಟ್ಟಿಯನ್ನು ಯಾವ ಖಾನಾವಳಿಯವರೂ ಮುಟ್ಟುವುದಿಲ್ಲ. ನಮ್ಮ ಕಡೆ ರೊಟ್ಟಿ ಮುರಿಯುವ ಹಕ್ಕು ಉಣ್ಣುವವನದು.

"ರೊಟ್ಟಿ ಹೋದ್ರ ಹೋಗಲಿ, ಜೀವ ಕೈಯಾಗ ಹಿಡ್ಕೊಂಡ ಕುಂದ್ರಬೇಕಾತು ನೋಡ್ರಿ," ಎನ್ನುತ್ತಾಳೆ ರೊಟ್ಟಿಯ ಹೆಂಗಸರಲ್ಲಿ ಹಿರಿಯಳಾದ ಕರೆವ್ವ. "ಆ ಗುಡ್ಡದ ಏರಿನ್ಯಾಗ ಒಬ್ಬಾಕಿ ಬಾಯಿ ಬಿಡ್ತಿದ್ದಿಲ್ಲ. ನಾವು ಸುಮ್ಮ ಕುಂದ್ರೂ ಹೆಣ್ಮಕ್ಕಳೇನ್ರಿ?"

ಅಲ್ಲವೇ ಅಲ್ಲ, ಅದಕ್ಕೆ ನಾನೇ ಸಾಕ್ಷಿ. ಕೊನೆಗೆ ಪರಶಪ್ಪನೇ ವ್ಯಾನು ನಿಲ್ಲಿಸಿ ಕೀಲಿಯನ್ನು ಹೆಂಡತಿ ಗಾಳೆವ್ವನ ಕೈಗೆ ಕೊಟ್ಟ. ಹೆಂಗಸರು ಸದ್ಯಕ್ಕೆ ಬಾಡಿಗೆಯ ಟಂಟಂ ಆಟೋ ಹತ್ತುತ್ತಾರೆ. ದೀಪಾವಳಿಯ ತನಕ ದಾರಿ ನೋಡುತ್ತೇವೆ, ಆಮೇಲೆ ಬೇರೆ ಗಾಡಿ ಗೊತ್ತು ಮಾಡಿಕೊಳ್ಳುತ್ತೇವೆ ಎಂದು ಕರೆವ್ವ ಹೇಳಿಯಾಗಿದೆ. ನರಗುಂದದ ಒಬ್ಬರು ವ್ಯಾನು ಕೊಳ್ಳಲು ಅದೇ ದೀಪಾವಳಿ ಪಾಡ್ಯದ ದಿನ ಬರುವವರಿದ್ದಾರೆ. ಅಷ್ಟರೊಳಗೆ ಪರಶಪ್ಪನ ಕೈಗೆ ಒಗ್ಗುವ ಗೇರ್ ಆದರೆ ಆಯಿತು, ಇಲ್ಲದಿದ್ದರೆ ಅವನು ಸ್ಟೇರಿಂಗ್ ಮರೆಯಬೇಕು.

"ಗಾಡಿ ಹೊಡಿಯೂದು ಬಿಟ್ರ ನನಗ ಬ್ಯಾರೆ ಏನೂ ಬರೂದಿಲ್ರಿ," ಎನ್ನುತ್ತಾನೆ ಪರಶಪ್ಪ. "ಬಣವಿ ಒಟ್ಟಾಕ ಹೋಗಿ ಏನಾತು, ನೋಡೀರೆಲ್ಲ."

ಗೇರೇ ಇಲ್ಲದ ಆಟೋಮ್ಯಾಟಿಕ್ ಗಾಡಿಗಳು ಬಂದಿವೆಯಲ್ಲ, ಅಂಥದೊಂದು ತೆಗೆದುಕೊಳ್ಳಬಾರದೇ ಎಂದು ಪೇಟೆಯವನ ಜಾಣತನ ತೋರಿಸುತ್ತೇನೆ.

"ತಗೋಬಹುದ್ರಿ, ನೀವು ಕೊಡಸ್ತೀರಂದ್ರ," ಎನ್ನುತ್ತಾನೆ.

ಪರಿಹಾರ ಹೊಳೆದದ್ದು ಮೆಹಬೂಬಸುಭಾನಿಯವರಿಗೆ. ಹೊಸ ಮಾದರಿಯಲ್ಲಿ ಗೇರ್ ಕೋಲು ನೆಲದಲ್ಲಿಲ್ಲ. ಸ್ಟೇರಿಂಗಿನ ಪಕ್ಕದಲ್ಲೇ, ಎದೆಯ ಮಟ್ಟಕ್ಕೆ ಸ್ವಲ್ಪ ಕೆಳಗೆ, ಡ್ಯಾಶ್‌ಬೋರ್ಡಿಗೆ ಅಂಟಿಕೊಂಡು ಗಿಡ್ಡಗೆ ಕೂತಿರುತ್ತದೆ. ಹಳೆಯದರಲ್ಲಿ ಕೋಲಿನಿಂದ ಗೇರ್‌ಬಾಕ್ಸಿಗೆ ಕಬ್ಬಿಣದ ಸರಳು ಹೋದರೆ, ಇದರಲ್ಲಿ ಎರಡು ಕೇಬಲ್ ಹೋಗುತ್ತವೆ. ಒಂದು ಕೋಲಿನ ಎಡಬಲ ನೋಡಿಕೊಳ್ಳುತ್ತದೆ, ಇನ್ನೊಂದು ಹಿಂದುಮುಂದು. ಮುಂಗೈ ಆಡಿಸಿದರೆ ಸಾಕು, ಗೇರ್ ಬೀಳುತ್ತದೆ.

ಓದಲು ಸುಲಭ, ಮಾಡಲು ಹೆಣಗಾಟ. ಹುಬ್ಬಳ್ಳಿಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಅಲೆದು, ಹಿಂಬದಿ ಜಖಂ ಆದ ಗಾಡಿಯೊಂದರಿಂದ ಕೋಲು, ಅದರ ತಳದ ಪೆಟ್ಟಿಗೆ, ಎರಡೂ ಕೇಬಲ್ ಬಿಚ್ಚಿಸಿ ತಂದಿದ್ದಾರೆ. ಹಳೆಯ ಡ್ಯಾಶ್‌ಬೋರ್ಡು ತೆಳು ತಗಡು, ಕೋಲಿನ ಭಾರ ತಾಳದು. ಪಕ್ಕದ ವೆಲ್ಡಿಂಗ್ ಅಂಗಡಿಯ ಜಾಕೀರ ಒಳಗಿನಿಂದ ಕಬ್ಬಿಣದ ಪಟ್ಟಿ ಬೆಸೆದು ಕೊಟ್ಟಿದ್ದಾನೆ. ಗೇರ್‌ಬಾಕ್ಸಿನ ತುದಿಗೆ ಕೇಬಲ್ ಹಿಡಿಯುವ ಕೊಂಡಿ ಹೊಸದಾಗಿ ಮಾಡಬೇಕಾಯಿತು. ಕೇಬಲ್ಲು ಸೈಲೆನ್ಸರಿನ ಕಾವಿಗೆ ಸಿಗಬಾರದು, ಎಲ್ಲೂ ಗಕ್ಕನೆ ಮಡಚಬಾರದು. ದಿನಕ್ಕೆ ಮೂರ್ನಾಲ್ಕು ಗಾಡಿಗಳ ಆಯಿಲ್ಲು, ಬ್ರೇಕು, ಕ್ಲಚ್ಚು ನೋಡಿದ ಮೇಲೆ ಉಳಿದ ಹೊತ್ತೆಲ್ಲ ಈ ವ್ಯಾನಿನ ಹೊಟ್ಟೆಯಡಿ ಮಲಗಿರುತ್ತಾರೆ.

ಅಳತೆಗೆ ಬಳಸುವುದು ಶರೀಫಾಬಿಯವರ ಹೊಲಿಗೆ ಟೇಪು. ಅವರು ಮನೆಯಲ್ಲಿ ಬ್ಲೌಸ್ ಹೊಲಿಯುತ್ತಾರೆ. "ಟೇಪಿಗೆ ಗ್ರೀಸ್ ಹತ್ತೈತ್ರಿ. ಅಳತಿ ಕೊಡಾಕ ಬಂದ ಹೆಣ್ಮಕ್ಕಳು ಮೂಗು ಮುಚ್ಕೋತಾರ," ಎಂದು ನನ್ನೆದುರೇ ದೂರುತ್ತಾರೆ. ಗಂಡ ಕೇಳಿಸದವರಂತೆ ಬೋಲ್ಟು ತಿರುವುತ್ತಾರೆ.

ಮೆಹಬೂಬಸುಭಾನಿ ಗ್ಯಾರೇಜಿನವರ ಮಗನಲ್ಲ. ಅವರ ತಂದೆ ಹತ್ತಿ ಹಿಂಜಿ ಗಾದಿ ಮಾಡುತ್ತಿದ್ದವರು. ಬಿಲ್ಲಿನಂಥ ಹಿಂಜುವ ಸಾಧನ ಹೆಗಲಿಗೆ ಹಾಕಿಕೊಂಡು ನರೇಗಲ್ಲು, ರೋಣ, ಮೆಣಸಗಿ ಎಂದು ಊರೂರು ತಿರುಗುತ್ತಿದ್ದರು. ಮದುವೆ ಹೊತ್ತಿಗೆ ಅವರಿಗೆ ಕೈತುಂಬ ಕೆಲಸ. ಫೋಮಿನ ಗಾದಿ ಬಂದ ಮೇಲೆ ಹಿಂಜುವ ಸದ್ದು ಅಡಗಿತು. ಮಗ ಹದಿನಾರನೆಯ ವಯಸ್ಸಿಗೆ ಗದಗಿನ ಒಂದು ಗ್ಯಾರೇಜಿಗೆ ಸೇರಿ ಸ್ಪ್ಯಾನರ್ ಹಿಡಿದರು. ಈಗ ಐವತ್ತು ದಾಟಿದೆ, ಗಡ್ಡದಲ್ಲಿ ಬಿಳಿ ಹೆಚ್ಚಾಗಿದೆ.

"ನಮ್ಮಪ್ಪ ಗಾದಿ ಮಾಡೂಕ್ಕಿಂತ ಮೊದಲ ಒಂದ ಮಾತು ಕೇಳ್ತಿದ್ರು," ಎಂದು ನೆನೆಯುತ್ತಾರೆ. "'ಮಲಗಾವ್ರು ಯಾರು? ಯಾವ ಮಗ್ಗಲಾ ಮಲಗತಾರ?' ಅಂತ. ಎಡಮಗ್ಗಲ ಅಂದ್ರ ಆ ಕಡೆ ಒಂದ ಹಿಡಿ ಹತ್ತಿ ಜಾಸ್ತಿ. ಮಂದಿ ನಗತಿದ್ರು. ಆದ್ರ ಆ ಗಾದಿ ಮ್ಯಾಲೆ ಮಲಗಿದಾವ ಮತ್ತೊಬ್ಬರ ಕಡೆ ಹೋಗ್ತಿದ್ದಿಲ್ರಿ."

ಈ ಮಾತನ್ನು ನೆನಪಿಟ್ಟುಕೊಳ್ಳಿ. ಹೇಳಿದವರೇ ಮರೆತರು!

ಕೆಲಸ ಮುಗಿದು ಮೊದಲ ಪರೀಕ್ಷೆಯ ದಿನ ಬರುತ್ತದೆ. ಮಹಾನವಮಿ ಮುಗಿದಿದೆ. ಗ್ಯಾರೇಜಿನ ಸ್ಪ್ಯಾನರುಗಳಿಗೆ ಆಯುಧಗಳ ಖಂಡೆ ಪೂಜೆಯ ದಿನ ಜಾಕೀರನ ಅಂಗಡಿಯ ಪಕ್ಕದವರು ಹಚ್ಚಿದ ಕುಂಕುಮ ಇನ್ನೂ ಹಾಗೇ ಇದೆ. "ಇರ್ಲಿ ಬಿಡ್ರಿ, ಅವಕ್ಕೂ ವರ್ಷಕ್ಕೊಮ್ಮೆ ಮಾನ ಬೇಕು," ಎಂದು ಮೆಹಬೂಬಸುಭಾನಿ ಒರೆಸಿಲ್ಲ. ಪರಶಪ್ಪ, ಗಾಳೆವ್ವ ಊರಿನಿಂದ ಬಂದಿದ್ದಾರೆ. ಕರೆವ್ವ ತಾನು ಬಂದಿಲ್ಲ, ರೊಟ್ಟಿಯ ಒಂದು ಬುಟ್ಟಿ ಕಳಿಸಿದ್ದಾಳೆ. "ಮೊದಲ ರೊಟ್ಟಿ ಹತ್ತಲಿ, ಆಮ್ಯಾಲ ನಾವು ಹತ್ತತೀವಿ," ಎಂದು ಹೇಳಿ ಕಳಿಸಿದ್ದಾಳಂತೆ. ಭಲೆ ಹೆಂಗಸು.

ಪರಶಪ್ಪ ಗಾಡಿ ಹತ್ತಿ ಕೂರುತ್ತಾನೆ. ಗಾಳೆವ್ವ ರೊಟ್ಟಿಯ ಬುಟ್ಟಿ ಹಿಡಿದು ಹಿಂದೆ. ಮೆಹಬೂಬಸುಭಾನಿ ಪಕ್ಕದ ಸೀಟಿಗೆ. ನಾನು ಗಾಳೆವ್ವನ ಬಳಿ ಬುಟ್ಟಿಗೆ ಆತುಕೊಂಡು. ಸಪಾಟು ರಸ್ತೆಯಲ್ಲಿ ಎಲ್ಲ ಸುಸೂತ್ರ. ಗುಡ್ಡದ ಏರು ಶುರುವಾಗುತ್ತದೆ. ಮೂರರಿಂದ ಎರಡಕ್ಕೆ ಬರಬೇಕು. ಪರಶಪ್ಪ ಕೋಲನ್ನು ತನ್ನ ಕಡೆ ಎಳೆಯುತ್ತಾನೆ, ಅದು ಅರ್ಧಕ್ಕೆ ನಿಲ್ಲುತ್ತದೆ. ಅವನ ಹಲ್ಲು ಕಚ್ಚಿದೆ, ಭುಜ ಮೇಲೇರಿದೆ. ಕರಕರ ಸದ್ದು, ಆಮೇಲೆ ಜರ್ಕು, ಆಮೇಲೆ ಬುಟ್ಟಿಯೊಳಗಿಂದ ನನಗೆ ಚೆನ್ನಾಗಿ ಕೇಳಿಸಿದ ಇನ್ನೊಂದು ಸದ್ದು.

ಗಾಡಿಯನ್ನು ಬದಿಗೆ ನಿಲ್ಲಿಸುತ್ತಾರೆ. ಪರಶಪ್ಪ ಸ್ಟೇರಿಂಗಿನ ಮೇಲೆ ಹಣೆ ಇಟ್ಟು ಕೂತುಬಿಡುತ್ತಾನೆ. ನೋಡಲಾಗದ ನೋಟ ಅದು.

"ನರಗುಂದದವ್ರಿಗೆ ಬಾ ಅಂತ ಹೇಳಿಬಿಡ್ತೀನಿ ಮಾಮಾ," ಎನ್ನುತ್ತಾನೆ ತಲೆ ಎತ್ತದೆ. "ನೀ ಭಾಳ ಕಷ್ಟಪಟ್ಟಿ."

"ಸುಮ್ಮ ಇರೋ ನೀ," ಎಂದು ಮೆಹಬೂಬಸುಭಾನಿ ಗದರುತ್ತಾರೆ. ಕೆಳಗಿಳಿದು ಗಾಡಿಯಡಿ ತೂರುತ್ತಾರೆ. ಕೇಬಲ್ ಸರಿಯಿದೆ. ಕೊಂಡಿ ಸರಿಯಿದೆ. ಮೇಲೆ ಬಂದು ತಾವೇ ಗೇರ್ ಹಾಕಿ ನೋಡುತ್ತಾರೆ, ಬೆಣ್ಣೆಯಂತೆ ಬೀಳುತ್ತದೆ. ಗ್ಯಾರೇಜಿಗೆ ವಾಪಸು ತಂದು ಕೇಬಲ್ ಪೂರ್ತಿ ಬಿಚ್ಚುತ್ತಾರೆ, ಮತ್ತೆ ಹಾಕುತ್ತಾರೆ. ಓಡ್ನಿಯಿಂದ ತೋಳು ಕಟ್ಟಿಸಿಕೊಂಡು ಕೂತರೆ ಆಗಲೂ ಬೀಳುತ್ತದೆ. ಪರಶಪ್ಪ ಕೂತರೆ ಬೀಳುವುದಿಲ್ಲ. ದೆವ್ವ ಹೊಕ್ಕಿದೆಯೇನೋ ಎಂದು ಜಾಕೀರ ಗೊಣಗುತ್ತಾನೆ.

"ನೀ ಹ್ಯಾಂಗ ಕುಂತಿ? ಸರಿಯಾಗಿ ಕುಂದ್ರು," ಎಂದು ಮೆಹಬೂಬಸುಭಾನಿ ಪರಶಪ್ಪನನ್ನು ಸೀಟಿನಲ್ಲಿ ಹಿಂದಕ್ಕೆ ನೂಕುತ್ತಾರೆ. ಅವನು ಹಿಂದಕ್ಕೆ ಹೋಗುವುದಿಲ್ಲ. ಬೆನ್ನ ಹಿಂದೆ ಏನೋ ದಪ್ಪಗಿದೆ. ಸೀಟಿನ ಬೆನ್ನಿನಿಂದ ಕೆಳತನಕ ಮಡಚಿ ಹಾಸಿದ, ಹಳೆ ಬಟ್ಟೆ ಪದರಿನ ಕೌದಿ.

"ಇದ್ಯಾವಾಗ ಬಂತು?"

ಗಾಳೆವ್ವ ಸೆರಗು ಬಾಯಿಗಿಟ್ಟುಕೊಳ್ಳುತ್ತಾಳೆ. "ಅಯ್ಯ ಶಿವನ! ಅದು ಯಾವಾಗ್ಲೂ ಅಲ್ಲೇ ಇರ್ತೈತ್ರಿ ಅಣ್ಣಾರ. ಅವತ್ತು ಮಹಾನವಮಿ ಸಂಬಂಧ ಹಾಸಗಿ ಹೊದಕಿ ಎಲ್ಲಾ ಹಳ್ಳಕ್ಕ ಒಗ್ಯಾಕ ಒಯ್ದಿದ್ನಿ. ಅದರ ಜೋಡಿ ಇದನ್ನೂ ಒಯ್ದೆ. ನೀವು ಅಳತಿ ತಗೊಂಡಾಗ ಇದು ಹಳ್ಳದ ದಂಡಿ ಮ್ಯಾಲೆ ಒಣಗಾಕ ಹತ್ತಿತ್ತು."

ನಮ್ಮ ಭಾಗದಲ್ಲಿ ಮಹಾನವಮಿಗೆ ಮುಂಚೆ ಮನೆಯ ಬಟ್ಟೆ ಚೂರೂ ಬಿಡದೆ ಒಗೆಯುವುದು ರೂಢಿ. ದೇವಿಯ ಘಟ್ಟ ಹಾಕುವ ಮನೆಯಲ್ಲಿ ಒಗೆಯದ ಅರಿವೆ ಇರಬಾರದು. ಗಾಳೆವ್ವ ರೂಢಿಗೆ ತಪ್ಪಿಲ್ಲ. ಪರಶಪ್ಪ ಬರಿ ಸೀಟಿನಲ್ಲಿ ಕೂತು ಅಳತೆ ಕೊಟ್ಟ, ಮೆಹಬೂಬಸುಭಾನಿ ಬರಿ ಸೀಟಿನಲ್ಲಿ ಕೂತು ತೋಳು ಕಟ್ಟಿಸಿಕೊಂಡು ತಾಳೆ ನೋಡಿದರು. ಈಗಲೂ ಅಷ್ಟೇ, ಅವರು ಹತ್ತುವಾಗಲೆಲ್ಲ ಗ್ರೀಸು ಹತ್ತೀತೆಂದು ಗಾಳೆವ್ವ ಆ ಕೌದಿಯನ್ನು ಮೊದಲೇ ಎತ್ತಿ ಪಕ್ಕಕ್ಕಿಡುತ್ತಿದ್ದಳು. ಇಳಿದ ಮೇಲೆ ಮತ್ತೆ ಹಾಸುತ್ತಿದ್ದಳು. ಕೌದಿಯ ಮೇಲೆ ಪರಶಪ್ಪ ನಾಲ್ಕು ಬೆರಳು ಎತ್ತರಕ್ಕೂ ನಾಲ್ಕು ಬೆರಳು ಮುಂದಕ್ಕೂ ಬರುತ್ತಾನೆ. ಕೋಲು ಎಳೆದಾಗ ಅವನ ಮೊಣಕೈ ಪಕ್ಕೆ ದಾಟಲು ಹೋಗಿ ಅಲ್ಲೇ ಸಿಕ್ಕಿಬೀಳುತ್ತದೆ. ಬಗಲಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

ಮೆಹಬೂಬಸುಭಾನಿ ಹಣೆ ಹಣೆ ಬಡಿದುಕೊಂಡು ನಗುತ್ತಾರೆ. ನಗುನಗುತ್ತಲೇ ಕಣ್ಣಲ್ಲಿ ನೀರು ಬರುತ್ತದೆ. "ಗಾದಿ ಮಾಡಾವನ ಮಗ ನಾ. ಕೌದಿ ಮರತೆ! ನಮ್ಮಪ್ಪ ಇದ್ದಿದ್ರ ಬಿಲ್ಲು ತಗೊಂಡ ಹೊಡಿತಿದ್ದ."

"ಹೋಗ್ಲಿ ಬಿಡು ಮಾಮಾ, ಕೌದಿ ತಗದ ಒಗಿತೀನಿ," ಎನ್ನುತ್ತಾನೆ ಪರಶಪ್ಪ. ಅವನ ದನಿಯಲ್ಲಿ ಜೀವ ಬಂದಿದೆ. ನನಗೂ ಅದೇ ಸರಿ ಎನಿಸುತ್ತದೆ. ಕೌದಿ ತೆಗೆದರೆ ಕೆಲಸ ಮುಗಿಯಿತಲ್ಲ?

"ಯಾಕ ತಗಿತಿ?" ಮೆಹಬೂಬಸುಭಾನಿ ಒಪ್ಪುವುದಿಲ್ಲ. "ಸ್ಪ್ರಿಂಗ್ ಚುಚ್ಚಿ ನಾಕ ದಿನಕ್ಕ ಬೆನ್ನು ಹಿಡಿತೈತಿ. ಹತ್ತಿ ತುಂಬಿ ಸೀಟು ಮಾಡಿ ಕೊಡಬಹುದು, ಕುಂತು ಕುಂತು ಅದೂ ತಗ್ಗತೈತಿ. ಕೌದಿ ತಗ್ಗೂದಿಲ್ಲ. ಅದರ ಮ್ಯಾಲೆ ಹದಿನೈದ ವರ್ಷ ಕುಂತ ರೂಢಿ ಆಗೈತಿ ನಿನಗ. ಮನಷ್ಯಾ ಹ್ಯಾಂಗ ಕುಂದ್ರತಾನೋ ಹಂಗ ಗಾಡಿ ಆಗಬೇಕು, ಗಾಡಿ ಸಂಬಂಧ ಮನಷ್ಯಾ ಆಗೂದಲ್ಲ."

ಆ ಕೌದಿ ಪರಶಪ್ಪನ ತಾಯಿಯ ಸೀರೆಗಳಿಂದ ಗಾಳೆವ್ವ ಹೊಲಿದದ್ದು. ಅದನ್ನು ಆಮೇಲೆ ಹೇಳಿದಳು. ಮೊದಲೇ ಹೇಳಿದರೆ ಎಲ್ಲಿ ತನಗಾಗಿ ಕೆಲಸ ಹೆಚ್ಚಿಸಿಕೊಳ್ಳುತ್ತಾರೋ ಎಂಬ ಸಂಕೋಚ.

ಮತ್ತೆ ಡ್ಯಾಶ್‌ಬೋರ್ಡು ಬಿಚ್ಚುತ್ತಾರೆ. ಜಾಕೀರ ಪಟ್ಟಿಯನ್ನು ಕತ್ತರಿಸಿ ಮೇಲಕ್ಕೂ ಮುಂದಕ್ಕೂ ಸರಿಸಿ ಬೆಸೆಯುತ್ತಾನೆ. ಕೇಬಲ್ಲಿನಲ್ಲಿ ಮೊದಲೇ ಬಿಟ್ಟಿದ್ದ ಸಡಿಲು ಆಗ ಉಪಯೋಗಕ್ಕೆ ಬರುತ್ತದೆ. ಈ ಸಲ ಮೆಹಬೂಬಸುಭಾನಿ ಕೌದಿಯ ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಕೂತು ತೋಳು ಕಟ್ಟಿಸಿಕೊಳ್ಳುತ್ತಾರೆ. ಆಮೇಲೆ ಪರಶಪ್ಪನನ್ನು ಎಲುಬಿನ ಡಾಕ್ಟರಿಗೆ ತೋರಿಸಿ, ಗಾಡಿಯನ್ನು ಗದಗಿಗೆ ಒಯ್ದು ಸಾರಿಗೆ ಕಚೇರಿಯವರ ಒಪ್ಪಿಗೆ ತಂದ ಮೇಲೆಯೇ ಕೀಲಿ ಕೊಡುತ್ತಾರೆ. ಅದರಲ್ಲಿ ಅವರು ಸಡಿಲು ಬಿಡುವ ಆಸಾಮಿಯಲ್ಲ.

"ನಾ ಮಾಡಿದ ಕೆಲಸ ನನಗ ಚಲೋ ಕಾಣತೈತಿ, ಅದಕ್ಕ ಏನ್ ಕಿಮ್ಮತ್ತು? ಹಿಂದ ಕುಂತಾವ್ರು ನಾಕ ಮನಿ ಹೆಣ್ಮಕ್ಕಳು," ಎನ್ನುತ್ತಾರೆ.

ಇಂಥ ಕೆಲಸ ಹುಡುಕಿಕೊಂಡು ಬೇರೆಯವರೂ ಬರುತ್ತಾರೆಯೇ ಎಂದು ಕೇಳುತ್ತೇನೆ. ಒಬ್ಬಿಬ್ಬರು ಬರುತ್ತಾರಂತೆ. ಕಾಲಿನ ನೋವಿಗೆ ಕ್ಲಚ್ಚು ಹಗುರ ಮಾಡಿಸಿಕೊಂಡ ಮಾಸ್ತರರೊಬ್ಬರಿದ್ದಾರೆ. ಅಂಗಡಿಗೆ ಬೋರ್ಡು ಹಾಕಿಸಿ ಎಂದರೆ ನಗುತ್ತಾರೆ. "ಬೋರ್ಡಿನ್ಯಾಗ ಏನಂತ ಬರಸೂದ್ರಿ? ಗೇರ್ ಬಿದ್ದದ್ದು ಯಾರಿಗೂ ಗೊತ್ತಾಗಬಾರದು, ಅದ ನಮ್ಮ ಕೆಲಸ. ಗೊತ್ತಾತು ಅಂದ್ರ ಕೆಟ್ಟೈತಿ ಅಂತ ಅರ್ಥ." ಹಾಗಾದರೆ ನಿಮ್ಮ ಆಸೆ ಏನು ಎಂದರೆ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, "ಆ ವ್ಯಾನು ಓಡಲಿ," ಎಂದಷ್ಟೇ ಹೇಳುತ್ತಾರೆ.

ದೀಪಾವಳಿ ಹತ್ತಿರ ಬಂದಿದೆ. ಮುಶಿಗೇರಿಯಲ್ಲಿ ಬೆಳ್ಳಿ ಮೂಡುವ ಹೊತ್ತಿಗೆ ನಾನು ವ್ಯಾನಿನ ಹಿಂದೆ ಕರೆವ್ವನ ಪಕ್ಕದಲ್ಲಿ ಮುದುರಿಕೊಂಡು ಕೂತಿದ್ದೇನೆ. ತೊಡೆಯ ಮೇಲೆ ಒಂದು ಬುಟ್ಟಿ, ಕಾಲಿನ ಬಳಿ ಇನ್ನೊಂದು. ಬಿಸಿ ಜೋಳದ ವಾಸನೆಗೆ ಬಾಯಲ್ಲಿ ನೀರೂರುತ್ತದೆ. ಮೆಹಬೂಬಸುಭಾನಿ ಬಂದಿಲ್ಲ. ಗ್ಯಾರೇಜಿನಲ್ಲಿ ಟ್ರ್ಯಾಕ್ಟರೊಂದು ಬಿಚ್ಚಿಕೊಂಡು ಬಿದ್ದಿದೆ ಎಂಬ ನೆಪ. ಧೈರ್ಯ ಸಾಲಲಿಲ್ಲ ಎಂದು ನನ್ನ ಅನುಮಾನ.

ಗಾಡಿ ಹೊರಡುತ್ತದೆ. ಹೆಂಗಸರು ಮೊದಮೊದಲು ಬುಟ್ಟಿಯ ಅಂಚು ಬಿಗಿಹಿಡಿದು ಪರಶಪ್ಪನ ಬೆನ್ನನ್ನೇ ನೋಡುತ್ತಿದ್ದಾರೆ. ಊರ ಅಗಸಿ ಬಾಗಿಲು ದಾಟುವಷ್ಟರಲ್ಲಿ ಯಾರೋ ಯಾರದೋ ಸೊಸೆಯ ಸುದ್ದಿ ತೆಗೆಯುತ್ತಾರೆ. ಆ ಸೊಸೆ ಅತ್ತೆಗೆ ಹೇಳದೆ ಮಿಕ್ಸರ್ ತಂದಿದ್ದಾಳೆ. ತಂದದ್ದು ತಪ್ಪಲ್ಲ, ಬಚ್ಚಿಟ್ಟದ್ದು ತಪ್ಪು ಎಂದು ಒಬ್ಬಾಕೆ. ಆ ಅತ್ತೆಯ ಬಾಯಿ ಗೊತ್ತಿದ್ದವರು ಯಾರಾದರೂ ಬಚ್ಚಿಡುವವರೇ ಎಂದು ಇನ್ನೊಬ್ಬಾಕೆ. ಕರೆವ್ವ ಎರಡೂ ಕಡೆ ಮಾತಾಡುತ್ತಾಳೆ. ಗುಡ್ಡದ ಏರು ಬರುತ್ತದೆ. ನಾನು ಪರಶಪ್ಪನ ಎಡಗೈಯನ್ನೇ ನೋಡುತ್ತೇನೆ. ಮುಂಗೈ ಒಮ್ಮೆ ಆಡುತ್ತದೆ, ಕೌದಿಗೆ ಒರಗಿದ ಬೆನ್ನು ಅಲುಗುವುದಿಲ್ಲ. ಎಂಜಿನ್ನಿನ ದನಿ ಮಾತ್ರ ಬದಲಾಗುತ್ತದೆ. ಇನ್ನೊಂದು ತಿರುವಿನಲ್ಲಿ ಮತ್ತೊಮ್ಮೆ. ಮಿಕ್ಸರಿನ ವಾದ ಜೋರಾಗಿದೆ.

"ನೀವ್ಯಾಕ್ರಿ ಹಿಂಗ ಬಾಯಾಗ ನೀರು ಹಾಕ್ಕೊಂಡಾವ್ರಂಗ ಕುಂತೀರಿ?" ಎಂದು ಕರೆವ್ವ ನನ್ನನ್ನು ತಿವಿಯುತ್ತಾಳೆ. "ಏರು ಬಂದಾಗ ಹೇಳ್ರಿ, ಬುಟ್ಟಿ ಹಿಡಿತೀನಿ."

"ಏರು ಮುಗೀತಲ್ರಿ," ಎನ್ನುತ್ತೇನೆ.

ಕರೆವ್ವ ಕಿಟಕಿಯಿಂದ ಹೊರಗೆ ನೋಡುತ್ತಾಳೆ. ಕೆಳಗೆ ಗಜೇಂದ್ರಗಡದ ದೀಪಗಳು ಕಾಣುತ್ತಿವೆ. ಪರಶಪ್ಪ ಕನ್ನಡಿಯಲ್ಲಿ ನಮ್ಮನ್ನು ನೋಡಿ ನಗುತ್ತಾನೆ. ಖಾನಾವಳಿಯ ಮುಂದೆ ಬುಟ್ಟಿಗಳು ಇಳಿದ ಕೂಡಲೇ ನರಗುಂದದವರಿಗೆ ಫೋನು ಹಚ್ಚುತ್ತಾನೆ. "ಪಾಡ್ಯಕ್ಕ ಬರ್ರಿ, ಬ್ಯಾಡ ಅನ್ನಂಗಿಲ್ಲ. ಊಟಾ ಮಾಡಿ ಹೋಗ್ರಿ. ಗಾಡಿ ಮಾತ್ರ ಕೇಳಬ್ಯಾಡ್ರಿ."

ನಾನು ಮೆಹಬೂಬಸುಭಾನಿಗೆ ಫೋನು ಮಾಡುತ್ತೇನೆ. ಒಂದೇ ರಿಂಗಿಗೆ ಎತ್ತುತ್ತಾರೆ. ಟ್ರ್ಯಾಕ್ಟರ್ ಬಿಚ್ಚಿಕೊಂಡವರ ಕೈ ಅಷ್ಟು ಬಿಡುವಾಗಿರುವುದಿಲ್ಲ. ಒಂದು ರೊಟ್ಟಿಯೂ ಮುರಿದಿಲ್ಲ ಎಂದು ಕೂಗಿ ಹೇಳುತ್ತೇನೆ.

"ರೊಟ್ಟಿ ಇರ್ಲಿರಿ ಸರ," ಎನ್ನುತ್ತದೆ ಆ ಕಡೆಯ ದನಿ. "ಏರಿನ್ಯಾಗ ಹೆಣ್ಮಕ್ಕಳು ಮಾತಾಡಿದ್ರೇನು?"

"ಬಾಯಿ ಮುಚ್ಚಲಿಲ್ರಿ. ಏರು ಬಂದದ್ದೂ ಗೊತ್ತಾಗಲಿಲ್ಲ ಅವರಿಗೆ."

ಆ ಕಡೆ ಶರೀಫಾಬಿಯನ್ನು ಕೂಗುವುದು ಕೇಳಿಸುತ್ತದೆ. "ಏ ಕೇಳಿದೇನ? ಚಹಾ ಇಡು. ಗೇರ್ ಬಿದ್ದಾವಂತ."